ಹಲ್ಲು ಹೇಳಿದ ಊರು

ಸತ್ತವರನ್ನು ಮಾತಾಡಿಸುವ ಯಂತ್ರ ಬಂದಿದೆಯಂತೆ ಎಂದು ಸುದ್ದಿಯಾದಾಗ ಹೆದರಿದವರೂ ಉಂಟು, ನಕ್ಕವರೂ ಉಂಟು. ಸರಕಾರ ಅದಕ್ಕೆ ಇಟ್ಟ ಹೆಸರು ನೆಲೆಸೂಚಿ. ಜನ ಕರೆದದ್ದು ಮಾತ್ರ ಹಲ್ಲಿನ ಮಷಿನ್ ಎಂದು. ಅದನ್ನು ಮಾಡಿದವಳು ಬಯಲುಸೀಮೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಡಾಕ್ಟರ್ ಇಂದುಮತಿ ಹೊಸಮನಿ. ಅವಳನ್ನು ಕೇಳಿದರೆ, “ಮಾತೂ ಇಲ್ಲ, ಕತಿನೂ ಇಲ್ಲ. ಕುಡಿದ ನೀರಿನ ಗುರುತು ಓದತೈತಿ, ಅಷ್ಟ” ಎಂದು ನಗುತ್ತಿದ್ದಳು.

ಒಂದೊಂದು ಊರಿನ ನೀರಿಗೆ ಒಂದೊಂದು ರುಚಿ ಎಂಬುದು ಎಲ್ಲರಿಗೂ ಗೊತ್ತು. ಆ ರುಚಿ ನೆಲದೊಳಗಿನ ಕಲ್ಲು ಬಿಟ್ಟುಕೊಟ್ಟ ಖನಿಜಗಳದ್ದು. ಎಳವೆಯಲ್ಲಿ ಹಲ್ಲು ಕಟ್ಟುವಾಗ ಅವು ಹಲ್ಲಿನ ಹೊರಕವಚದಲ್ಲಿ ಕೂತರೆ ಮುಗಿಯಿತು, ಸತ್ತ ಮೇಲೂ ಅಳಿಯುವುದಿಲ್ಲ. ಎಲುಬು ಹಾಗಲ್ಲ. ಅದು ಸವೆಯುತ್ತ, ಮತ್ತೆ ಕಟ್ಟುತ್ತ ಇರುತ್ತದೆ, ಹಾಗಾಗಿ ಈಚಿನ ವರ್ಷಗಳಲ್ಲಿ ಬಾಳಿದ ಊರಿನ ನೀರು ಅದರಲ್ಲಿರುತ್ತದೆ. ಕೂದಲಲ್ಲಿ ಕಡೆಯ ಕೆಲವೇ ತಿಂಗಳಿನದು. ನೆಲೆಸೂಚಿ ಇವುಗಳಿಂದ ಧೂಳಿನಷ್ಟು ಚೂರನ್ನು ಬೆಳಕಿನ ಕಿರಣದಿಂದ ಆವಿ ಮಾಡಿ, ನಾಡಿನ ಬಾವಿ, ಬೋರುಗಳ ನಕಾಶೆಯ ಜೊತೆ ತಾಳೆ ಹಾಕಿ, ಊರಿನ ಹೆಸರು ಹೇಳುತ್ತಿತ್ತು.

ಇಂದುಮತಿಗೆ ಈ ಹುಚ್ಚು ಹತ್ತಿದ್ದು ಕಲಿಯುವ ಕಾಲದಲ್ಲೇ. ತಾವಾಗಿ ದೇಹದಾನ ಬರೆದುಕೊಟ್ಟವರು ಸತ್ತರೆ ಕಾಲೇಜಿನವರು ಹಾರ ಹಾಕಿ, ಮನೆಯವರನ್ನು ಕೂರಿಸಿ ನಾಲ್ಕು ಒಳ್ಳೆಯ ಮಾತಾಡಿ ಬರಮಾಡಿಕೊಳ್ಳುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲೋ ರೈಲು ಹಳಿಯ ಪಕ್ಕದಲ್ಲೋ ಸತ್ತವರು ಬಂದರೆ ಹಾರವೂ ಇಲ್ಲ, ಮಾತೂ ಇಲ್ಲ. ವಾರಸುದಾರರು ಬರಲಿಲ್ಲ ಎಂದು ಒಂದು ಮೊಹರು ಬಿದ್ದರೆ ನೇರ ಹುಡುಗರು ಕೊಯ್ದು ಕಲಿಯುವ ಮೇಜಿಗೆ. ಮೇಜಿನ ಮೇಲಿದ್ದವರಲ್ಲಿ ಅಂಥವರೇ ಹೆಚ್ಚು. ಅವರನ್ನು ಕೇಳಿದವರು ಯಾರು? ಕೇಳದೆ ತಗೊಂಡದ್ದನ್ನು ಊರ ಕಡೆ ಕಳವು ಅಂತಾರೆ. ಅವಳು ಅದನ್ನೇ ಕಳವು ಎಂದು ಸಭೆಗಳಲ್ಲಿ ಕೂಗಿ ಹೇಳಿ ಬೈಸಿಕೊಂಡಳು. ಕಡೆಗೆ ಯಂತ್ರ ಮಾಡಿ ತೋರಿಸಿದ ಮೇಲೆ ಕಾಯ್ದೆಯೂ ಬಂತು. ವಾರಸುದಾರರಿಲ್ಲದ ದೇಹ ಸಿಕ್ಕರೆ ನೆಲೆಸೂಚಿಯನ್ನು ಕೇಳಬೇಕು, ಅದು ಹೇಳಿದ ಊರಿನ ಪಂಚಾಯ್ತಿ ಮೈಕಿನಲ್ಲಿ ಸಾರಿಸಬೇಕು, ಗೊತ್ತುಪಡಿಸಿದ ಅವಧಿಯೊಳಗೆ ಯಾರೂ ಬಾಯಿ ಬಿಡದಿದ್ದರೆ ಅದನ್ನು ದೇಹದಾನಕ್ಕೆ ಒಪ್ಪಿಗೆ ಎಂದು ತಿಳಿಯಬೇಕು.

ಕಾಯ್ದೆಯ ಸಮಿತಿಯಲ್ಲಿ ಒಂದು ತಕರಾರು ಎದ್ದಿತ್ತು. ಯಂತ್ರ ಹೇಳುವುದು ಮೂರು ಊರು, ಮೂರೂ ಕಡೆ ಸಾರಿದರೆ ಗೊಂದಲ, ಯಾವುದಾದರೂ ಒಂದು ಹೇಳಿ ಎಂದರು. ಯಾರೋ ಒಬ್ಬರು ಎಲುಬಿನ ಊರು ಆಗಬಾರದೇಕೆ ಎಂದೂ ಕೇಳಿದರು. ಇಂದುಮತಿ ಅರೆಗಳಿಗೆಯೂ ಯೋಚಿಸಲಿಲ್ಲ. “ಎಲುಬು ದಿನಾ ಬದಲಾಗತೈತ್ರಿ. ಹಲ್ಲು ಬದಲಾಗೂದಿಲ್ಲ. ಮನುಷ್ಯಾ ಹುಟ್ಟಿ ಬೆಳದ ಊರೇ ಅವನ ಊರು, ಅಲ್ಲಿ ಅವನ ಮಂದಿ ಇದ್ದ ಇರ್ತಾರ” ಎಂದಳು. ಆ ಮಾತು ಎಲ್ಲರಿಗೂ ಸರಿ ಅನಿಸಿತು. ಅವಳಿಗೂ ಅನಿಸಿತು.

ಆಮೇಲೆ ಎಷ್ಟೋ ಮಂದಿ ಊರಿಗೆ ಮರಳಿದರು. ಮುಂಬಯಿಗೆ ದುಡಿಯಲು ಹೋಗಿ, ಮರಳುವ ದಾರಿಯಲ್ಲಿ ಸತ್ತವನನ್ನು ಅಣ್ಣತಮ್ಮಂದಿರು ಬಂದು ಒಯ್ದರು, ಕಾಲೇಜಿನ ಮೆಟ್ಟಿಲ ಮೇಲೆ ಕೂತು ಅತ್ತರು, ಹೋಗುವಾಗ ಇಂದುಮತಿಗೆ ಕೈ ಮುಗಿದರು. ಯಾರೂ ಬಾರದವರು ಮೇಜಿಗೆ ಹೋದರು. ಹೆಸರು ಗೊತ್ತಿಲ್ಲದ ಆ ದೇಹಗಳನ್ನು ಹುಡುಗರು ಊರಿನ ಹೆಸರಿಂದ ಕರೆಯುವ ರೂಢಿ ಬೆಳೆಯಿತು. ಈ ವರ್ಷ ಕಿಟಕಿ ಪಕ್ಕದ ಮೇಜಿನಲ್ಲಿದ್ದವಳು ಬನ್ನಿಕಟ್ಟಿ ಅವ್ವ. ಐವತ್ತರ ಆಚೀಚಿನ ಹೆಣ್ಣುಮಗಳು, ಬಲಗಾಲಿಗೆ ಕಿರುಬೆರಳಿಲ್ಲ, ಯಾವುದೋ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಜ್ವರ ಬಂದು ತೀರಿಕೊಂಡಿದ್ದಳು. ಹುಡುಗರು ಅವಳ ಕೈ, ಎದೆ, ಹೊಟ್ಟೆ ಓದಿ ಮುಗಿಸಿ ಕತ್ತು ಮತ್ತು ಮುಖಕ್ಕೆ ಬಂದಿದ್ದರು.

ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ನಾಗರಪಂಚಮಿಗೆ ಮುಂಚಿನ ದಿನಗಳವು. ಇಂದುಮತಿ ಮನೆಗೆ ಬಂದರೆ ಗಂಡ ವಿರೂಪಾಕ್ಷಪ್ಪ ಅಡಿಗೆಮನೆಯಲ್ಲಿ ಚುನಮರಿಗೆ ಒಗ್ಗರಣೆ ಹಾಕುತ್ತಿದ್ದ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಮನುಷ್ಯ, ಹಾಸ್ಯ ಜಾಸ್ತಿ.

“ನಿಮ್ಮ ತಮ್ಮ ಫೋನ್ ಮಾಡಿದ್ದ. ಉಂಡಿ ಕಟ್ಯಾರಂತ, ಪಂಚಮಿಗೆ ಅಕ್ಕನ್ನ ಕಳಸ್ರಿ ಅಂದ” ಎಂದ.

“ನೀವೇನಂದ್ರಿ?”

“ಆಕಿಗೆ ಬದುಕಿದ ಮಂದಿಗೆ ಪುರಸೊತ್ತಿಲ್ಲಪಾ ಅಂದೆ.”

ಇಂದುಮತಿ ನಕ್ಕಳು. ಮದುವೆಯಾಗಿ ಬಂದ ಮೇಲೆ ತವರಿಗೆ ಹೋದದ್ದು ಹಬ್ಬಕ್ಕೂ ಸಾವಿಗೂ ಅಷ್ಟೇ. ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಇಲ್ಲಿನದು, ಹೊಸಮನಿ ಎಂಬುದೂ ಈ ಮನೆಯದೇ. ಈ ವರ್ಷವೂ ಹೋಗಲಾಗುವುದಿಲ್ಲ ಎಂದು ಒಂದು ಚಣ ಕೆಟ್ಟದೆನಿಸಿತು, ಚುನಮರಿಗೆ ಉಪ್ಪು ಕಡಿಮೆಯಾಗಿದೆ ಎಂದು ಜಗಳ ತೆಗೆದು ಅದನ್ನು ಮರೆತಳು.

ಪಂಚಮಿ ಕಳೆದ ಮಾರನೆಯ ದಿನ ಅವಳ ಕೋಣೆಯ ಬಾಗಿಲಲ್ಲಿ ಒಬ್ಬಾತ ಬಂದು ನಿಂತ. ಅರವತ್ತರ ಹತ್ತಿರದವನು, ಬಿಳಿ ಟೋಪಿ, ಬಗಲಲ್ಲಿ ಅಂಗಡಿಯ ಚೀಲ. ಚಪ್ಪಲಿ ಹೊರಗೇ ಬಿಟ್ಟಿದ್ದ.

“ನಾ ದುರಗಪ್ಪ ಅಂತ್ರಿ ಬಾಯಾರ. ಬನ್ನಿಕಟ್ಟಿಯಾವ. ನಮ್ಮೂರ ಪಂಚಾಯ್ತಿ ಮೈಕಿನ್ಯಾಗ ಸಾರಿದ್ರಲ್ರಿ, ಕಿರುಬೆರಳಿಲ್ಲದ ಹೆಣಮಗಳು ಅಂತ... ಆಕಿ ನನ್ನ ತಂಗಿ. ಹುಲಿಗೆವ್ವ.”

ಇಂದುಮತಿ ಎದ್ದು ನಿಂತಳು. ಸಾರಿಸಿದ್ದು ಕಳೆದ ಚಳಿಗಾಲದಲ್ಲಿ. ಈಗ ಶ್ರಾವಣ.

“ಕೂಡ್ರಿ ಅಣ್ಣಾರ” ಎಂದಳು. “ಸಾರಿ ಭಾಳ ದಿನ ಆತಲ್ರಿ. ಆಗ ಯಾಕ ಬರ್ಲಿಲ್ಲ?”

ದುರಗಪ್ಪ ಕುರ್ಚಿಯ ತುದಿಯಲ್ಲಿ ಕೂತ. “ಸಣ್ಣಾಕಿ ಇದ್ದಾಗ ಗಾಡಿ ಗಾಲಿ ಹರದು ಬೆರಳು ಹೋತ್ರಿ. ಗಾಡಿ ಹೊಡಿಯಾಂವ ನಾನ. ಮೈಕಿನ್ಯಾಗ ಅಂದ ಕೂಡ್ಲೆ ನನ್ನ ಎದಿ ಧಸಕ್ಕಂತು. ಖರೇ ಹೇಳ್ತೀನಿ, ಅಂತು. ಆದ್ರ ಆಕಿನ್ನ ಕೆಂಚನಾಳಕ್ಕ ಕೊಟ್ಟೇವ್ರಿ. ಗಂಡ ಸತ್ತಾನ, ಮಕ್ಕಳಿಲ್ಲ, ಮೈದುನನ ಮನ್ಯಾಗ ಇದ್ಲು. ಏನರ ಆದ್ರ ಅವರ ಸುದ್ದಿ ಕಳಸ್ತಾರಲ್ಲ ಅಂತ ನನ್ನ ಹೇಣ್ತಿನೂ ಅಂದ್ಲು. ಹೆಣ ಎತ್ತೂದು ಗಂಡನ ಮನಿಯವರ ಹಕ್ಕು. ನಮ್ದೇನಿದ್ರೂ ಸುದ್ದಿ ಬಂದ ಮ್ಯಾಲ ತವರಿನ ಸೀರಿ ಒಯ್ಯೂದಷ್ಟ.”

“ಒಂದು ಫೋನರ ಹಚ್ಚಿ ಕೇಳೂದಿತ್ತಲ್ರಿ.”

“ಏನಂತ ಕೇಳ್ಲಿ? ನಮ್ಮ ಹುಲಿಗಿ ಸತ್ತಾಳೇನು ಅಂತ ಕೇಳ್ಲಾ? ಬದುಕಿದಾಕಿ ಸಾವು ಬಾಯಾಗ ತರಬಾರ್ದ್ರಿ. ಅದರಾಗ ಆ ಮನಿಗೂ ನಮಗೂ ಮಾತಿಲ್ಲ, ಪಂಚಮಿಗೆ ತಂಗಿನ್ನ ಕರಿಯಾಕ ಹೋಗೂದೊಂದ ಉಳದಿತ್ತು.” ಅವನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. “ಮೊನ್ನಿ ಕರಿಯಾಕ ಹೋದೆ. ದೀಪಾವಳಿ ಆದ ಕೂಡ್ಲೆ ತವರಿಗೆ ಹೊಕ್ಕೀನಂತ ಹ್ವಾದ್ಲಲ್ಲ, ನಿಮ್ಮನ್ಯಾಗ ಇಲ್ಲೇನು ಅಂದ್ರು. ಅವರು ನಮ್ಮನ್ಯಾಗ ಅದಾಳ ಅಂತ ತಿಳದಿದ್ರು, ನಾವು ಅವರ ಮನ್ಯಾಗ ಅದಾಳ ಅಂತ. ಆಕಿ ನಡುವ ಎಲ್ಲೂ ಇದ್ದಿದ್ದಿಲ್ಲ.”

ಚೀಲದೊಳಗೆ ಒಂದು ಇಳಕಲ್ ಸೀರೆ, ಒಂದು ಕುಬಸ. ಪಂಚಮಿಗೆ ಉಡಿಸಲು ತಂದದ್ದು. ಅವನು ಸೀರೆಯನ್ನು ಮತ್ತೆ ಮಡಿಸಿ ಒಳಗಿಟ್ಟ.

“ಮಾರಿ ಒಂಚೂರು ತೋರಸ್ರಿ ಬಾಯಾರ” ಎಂದ.

ಮುಖ! ನಿನ್ನೆಯಷ್ಟೇ ಹುಡುಗರು ಕೆನ್ನೆಯ ನರಗಳನ್ನು ಬಿಡಿಸಿ ನೋಡಿದ್ದರು. ಇಂದುಮತಿಯೇ ಎದುರು ನಿಂತು ಒಂದೊಂದರ ಹೆಸರು ಹೇಳಿಸಿದ್ದಳು. “ಇವತ್ತು ಆಗೂದಿಲ್ಲ. ಆಕಿನ ಹೌದೋ ಅಲ್ಲೋ ಮೊದಲ ನೋಡೂಣು” ಎಂದು ಹೇಳಿ, ಅವನ ಬಾಯೊಳಗಿನಿಂದ ಹತ್ತಿಯಲ್ಲಿ ಒಂದು ಒರೆಸು ತಗೊಂಡು ಯಂತ್ರದ ಕೋಣೆಗೆ ಹೋದಳು. 

ರಕ್ತಸಂಬಂಧ ಹೌದೆಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಮೇಲೆ ಅವಳು ಯಾಕೋ ಬನ್ನಿಕಟ್ಟಿ ಅವ್ವನ ಎಲುಬಿನ ಓದನ್ನು ತೆಗೆದಳು. ಯಂತ್ರ ಎಲ್ಲ ಓದುಗಳನ್ನೂ ಇಟ್ಟುಕೊಂಡಿರುತ್ತದೆ, ಕೇಳಿದರೆ ಮಾತ್ರ ಹೇಳುತ್ತದೆ. ಪರದೆಯ ಮೇಲೆ ಬಂತು, ಕೆಂಚನಾಳ. ಹುಲಿಗೆವ್ವ ಸಿಕ್ಕ ದಿನದಿಂದಲೂ ಅದು ಅಲ್ಲೇ ಇತ್ತು. ಕೆಂಚನಾಳದಲ್ಲಿ ಸಾರಿದ್ದರೆ ಆ ಮೈದುನ ದೀಪಾವಳಿ ಆದ ಮೇಲೆ ಹೋದವಳು ಎಂದು ಬನ್ನಿಕಟ್ಟಿಗೆ ಸುದ್ದಿ ಮಾಡುತ್ತಿದ್ದ, ಬನ್ನಿಕಟ್ಟಿಯ ಅಣ್ಣ ಸೀರೆ ತಗೊಂಡು ಓಡಿಬರುತ್ತಿದ್ದ, ಆಗಿನ್ನೂ ಹುಲಿಗೆವ್ವನಿಗೆ ಮುಖ ಇತ್ತು.

ಅವಳು ಬೇರೆ ಹೆಂಗಸರ ಓದುಗಳನ್ನೂ ತೆರೆದು ನೋಡಿದಳು. ಹಲ್ಲಿಗೆ ಒಂದು ಊರು, ಎಲುಬಿಗೆ ಇನ್ನೊಂದು. ಮತ್ತೊಬ್ಬಳು, ಅವಳಿಗೂ ಹಾಗೇ. ಗಂಡಸರದನ್ನು ತೆರೆದರೆ ಬಹುಪಾಲಿಗೆ ಎರಡೂ ಒಂದೇ ಊರು. ಮನುಷ್ಯಾ ಹುಟ್ಟಿದ ಊರೇ ಅವನ ಊರು ಎಂದವಳಿಗೆ ಹೆಣ್ಣುಮಕ್ಕಳ ನೆನಪೇ ಬಂದಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ತನ್ನ ಮದುವೆಯಲ್ಲಿ ಅಜ್ಜಿ ಹೇಳಿ ಅತ್ತದ್ದು ಕೇಳಿಯೂ, ತಾನೇ ಇಪ್ಪತ್ತೆರಡಕ್ಕೆ ಊರು ಬಿಟ್ಟು ಬಂದೂ, ತಿಳಿಯಲಿಲ್ಲವಲ್ಲ! ತವರಿನ ಊರಲ್ಲಿ ಮೈಕು ಕೂಗಿದರೆ ಯಾರು ಓ ಎನ್ನಬೇಕು? ಅಲ್ಲಿ ಕಾಣೆಯಾದವರ ಲೆಕ್ಕದಲ್ಲಿ ಕೊಟ್ಟ ಹೆಣ್ಣುಮಕ್ಕಳು ಇಲ್ಲವೇ ಇಲ್ಲ.  ಕಳವು ತಪ್ಪಿಸಲು ಹೋಗಿ ಕಳವಿಗೆ ಕಾಯ್ದೆಯ ಬಲ ತಂದುಕೊಟ್ಟವಳು ತಾನು ಎನಿಸಿತು.

ದುರಗಪ್ಪನಿಗೆ ಕಾಲೇಜಿನ ಅತಿಥಿಕೋಣೆಯಲ್ಲಿ ಮಲಗಲು ಹೇಳಿ, ನಾಳೆ ಮುಂಜಾನೆ ಎಲ್ಲ ಹೇಳುತ್ತೇನೆ ಎಂದು ಮನೆಗೆ ಬಂದಳು. ಅವನು ಚಹಾ ಕೂಡ ಕುಡಿದಿರಲಿಲ್ಲ, ಸೂತಕ ಎಂದಿದ್ದ.

ಮನೆಯಲ್ಲಿ ಚಪ್ಪಲಿ ಬಿಡುವ ಹೊತ್ತಿಗೇ ಪ್ರಿನ್ಸಿಪಾಲರ ಫೋನು. ಸುದ್ದಿಗೆ ಕಾಲು ಬೇಕೇ? “ನೋಡ್ರಿ ಮೇಡಂ, ಅವನ ಕೈಲೆ ಒಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಬಿಡ್ರಿ. ನಂದು ಒಪ್ಪಿಗಿ ಐತಿ ಅಂತ. ಇಲ್ಲಾಂದ್ರ ಪೇಪರಿನವರು ಬರ್ತಾರ, ಕೋರ್ಟು ಬರತೈತಿ, ನಿಮ್ಮ ಕಾಯ್ದೆನೂ ಹೋತು ಮಷಿನ್ನೂ ಹೋತು. ಮತ್ತ ಹಳೇ ಮೊಹರಿನ ಕಾಲಕ್ಕ ಬರ್ತೀವಿ. ಅದನ್ನರ ವಿಚಾರ ಮಾಡ್ರಿ.”

ಆ ಮಾತಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆಚ್ಚು ಹಿಂಡಿತು.

ವಿರೂಪಾಕ್ಷಪ್ಪ ಎಲ್ಲ ಕೇಳಿಸಿಕೊಂಡು, “ಒತ್ತಿಸ್ಕೊಂಡ್ರ ಏನಾತು? ಅಂವ ಅಣ್ಣ ಅಲ್ಲೇನು? ಆಗಿದ್ದು ಆಗಿಹೋತು, ಇನ್ನ ಆಕಿಗೇನು ನೋವಾಗತೈತೇನು?” ಎಂದ.

“ರೀ, ಒಂದು ಕೇಳ್ತೀನಿ. ನಾನು ಒಂದಿನ ತವರಿಗೆ ಹೊಕ್ಕೀನಂತ ಹೇಳಿ ಹೋದೆ, ಮುಟ್ಟಲಿಲ್ಲ ಅಂತ ತಿಳೀರಿ. ನೀವು ಎಷ್ಟ್ ದಿನ ಸುಮ್ಮ ಇರ್ತೀರಿ?”

“ಏಯ್, ಏನ್ ಮಾತಂತ ಆಡ್ತಿ? ಸಂಜಿಗೇ ಫೋನ್ ಮಾಡ್ತೀನಿ.”

“ನಂದೊಂದು ದೇಹದಾನದ ಪತ್ರ ಐತಲ್ಲ. ಅದರಾಗ ನೀವು ಸಹಿ ಹಾಕೀರಿ, ನನ್ನ ತಮ್ಮನೂ ಹಾಕ್ಯಾನ. ನಾನು ಸಹಿ ಹಾಕದ ನೀವಿಬ್ಬರ ಹಾಕಿದ್ರ ನಡೀತಿತ್ತೇನು?”

ಅವನು ಎದ್ದು ತಾಟು ಹಾಕಿದ. “ಉಣ್ಣು ಬಾ, ರೊಟ್ಟಿ ಆರಾಕತ್ತಾವು” ಎಂದಷ್ಟೇ ಹೇಳಿದ. ಅವಳು ಅರ್ಧ ರೊಟ್ಟಿ ಮುರಿದಳು, ಇಳಿಯಲಿಲ್ಲ.

ಬೆಳಿಗ್ಗೆ ದುರಗಪ್ಪ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬಂದಿದ್ದ. ಇಂದುಮತಿ ಅವನೆದುರು ಕೂತು ಒಂದೂ ಬಿಡದೆ ಹೇಳಿದಳು. ಹಲ್ಲು, ಎಲುಬು, ಎರಡು ಊರು, ತಾನು ಸಮಿತಿಯಲ್ಲಿ ಆಡಿದ ಮಾತು, ಬನ್ನಿಕಟ್ಟಿಯವರು ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಬರೆದುಕೊಂಡದ್ದು, ಹುಡುಗರು ಕಲಿತದ್ದು, ಮುಖ ತೋರಿಸುವ ಹಾಗಿಲ್ಲ ಎಂಬುದು. 

ದುರಗಪ್ಪ ಕಿಟಕಿಯ ಕಡೆ ನೋಡುತ್ತ ಕೂತಿದ್ದ. ಬಯ್ಯುತ್ತಾನೆ, ಎದ್ದು ಹೊಡೆದರೂ ಹೊಡೆಯಲಿ ಎಂದುಕೊಂಡಳು. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.

“ಅಂದ್ರ ನಾ ಸುಮ್ಮ ಕುಂತದ್ದು ಹೂಂ ಅಂದಂಗ ಆತು ಅನ್ರಿ.”

“ಹಂಗ ಬರಕೊಂಡಿದ್ದು ನಮ್ಮ ತಪ್ಪು. ನಂದು.”

“ನಿಮ್ದೊಂದ ಅಲ್ಲ ತಗೀರಿ. ಆಕಿ ಲಗ್ನದಾಗೂ ಹಿಂಗ ಆತು. ವರಗ ಎರಡನೇ ಸಂಬಂಧ, ವಯಸ್ಸಿಲೆ ದೊಡ್ಡಾಂವ. ಅಪ್ಪ ಇದ್ದಿದ್ದಿಲ್ಲ, ನಾನ ಹಿರಿಯ. ಹುಡುಗಿನ್ನ ಒಂದು ಮಾತು ಕೇಳ್ರಿ ಅಂತ ಯಾರೋ ಅಂದ್ರು. ಆಕಿ ತಲಿ ಬಗ್ಗಿಸಿ ಕುಂತಿದ್ಲು. ಸುಮ್ಮ ಅದಾಳಂದ್ರ ಹೂಂ ಅಂದಂಗ ಅಂತ ನಾನ ಹೇಳಿ ವೀಳ್ಯ ಕೊಟ್ಟೆ.” ಅವನು ಟೋಪಿಯ ಅಂಚನ್ನು ಮಡಿಸಿದ, ಬಿಡಿಸಿದ. “ಆಮ್ಯಾಲ ಪಂಚಮಿಗೆ ಬಂದಾಗೊಮ್ಮೆ ಕೇಳ್ಬೇಕಂತ ಮಾಡ್ತಿದ್ದೆ. ಹುಲಿಗಿ, ಖರೇನ ಹೂಂ ಅಂದಿದ್ದೇನು ಅಂತ. ಉಂಡಿ ತಿಂದು ಜೋಕಾಲಿ ಆಡಿ ಹೋಗಿಬಿಡ್ತಿದ್ಲು. ಕೇಳಾಕ ಆಗ್ಲಿಲ್ರಿ.”

 ಹೊರಗೆ ಹುಡುಗರು ಕ್ಲಾಸಿಗೆ ಓಡುವ ಸದ್ದು.

“ಈ ಹುಡುಗರು ಡಾಕ್ಟರ್ ಆಕ್ಕಾರೇನ್ರಿ?” ಎಂದ ದುರಗಪ್ಪ.

“ಹೌದ್ರಿ.”

“ಹಂಗಾರ ಇರ್ಲಿ ಬಿಡ್ರಿ. ಮುಂದಿಂದೂ ಕಲೀಲಿ. ನಿಮಗೂ ಏನೋ ಕಾಗದ ಬೇಕಂತಲ್ಲ, ರಾತ್ರಿ ಒಬ್ಬರು ಬಂದು ಹೇಳಿದ್ರು. ತರ್ರಿ, ಹೆಬ್ಬೆಟ್ಟು ಒತ್ತತೀನಿ. ನೀವು ಖರೇ ಹೇಳಿದ್ರಿ, ನಿಮ್ಮ ಕೆಲಸ ಕೆಡೂದು ಬ್ಯಾಡ.”

ಪ್ರಿನ್ಸಿಪಾಲರು ಕಳಿಸಿದ್ದ ಕಾಗದ ಅವಳ ಡ್ರಾದಲ್ಲೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಕಾಯ್ದೆ ಉಳಿಯುತ್ತಿತ್ತು, ಮಷಿನ್ ಉಳಿಯುತ್ತಿತ್ತು, ಇಷ್ಟು ವರ್ಷದ ದುಡಿಮೆ ಉಳಿಯುತ್ತಿತ್ತು. ಕೊಡುವವನು ಮನಸಾರೆ ಕೊಡುತ್ತಿದ್ದ. ಇಂದುಮತಿಯ ಕೈ ಡ್ರಾದ ಹಿಡಿಕೆಯವರೆಗೆ ಹೋಯಿತು ಎಂಬುದನ್ನು ಮುಚ್ಚಿಡಬಾರದು, ಹೋಯಿತು. ಅಲ್ಲೇ ನಿಂತಿತು.

“ಬ್ಯಾಡ್ರಿ ಅಣ್ಣಾರ” ಎಂದಳು. “ನೀವು ಕೊಡ್ತೀರಿ, ನಿಮ್ಮದು ದೊಡ್ಡ ಮನಸು. ಆದ್ರ ಇದು ನೀವು ಕೊಡೂದಲ್ಲ. ನಿಮ್ಮದೂ ಅಲ್ಲ, ಕೆಂಚನಾಳದವರದೂ ಅಲ್ಲ. ಆಕಿ ಮೈ, ಆಕಿನ ಕೊಡ್ಬೇಕಿತ್ತು.”

ದುರಗಪ್ಪ ಅವಳನ್ನು ದಿಟ್ಟಿಸಿದ. ಸಿಟ್ಟೋ ದುಃಖವೋ ತಿಳಿಯದ ದನಿಯಲ್ಲಿ, “ಹಂಗಾರ ಆಕಿನ್ನ ಯಾರು ಕೇಳ್ಬೇಕ್ರಿ? ನಾ ಕೇಳಲಿಲ್ಲ, ನೀವು ಕೇಳಲಿಲ್ಲ. ಇನ್ನ ಯಾರು ಕೇಳ್ತಾರ?” ಎಂದ.

ಇಂದುಮತಿ ಫೋನ್ ಕೈಗೆತ್ತಿಕೊಂಡಳು. ಅವನ ಎದುರಿಗೇ ಪ್ರಿನ್ಸಿಪಾಲರಿಗೆ ಫೋನ್ ಮಾಡಿ, ಹೆಬ್ಬೆಟ್ಟು ಇಲ್ಲ, ದೇಹ ಊರಿಗೆ ಹೋಗುತ್ತದೆ, ಮೇಜುಗಳ ಮೇಲಿರುವ ಎಲ್ಲ ಹೆಂಗಸರ ಎಲುಬಿನ ಊರುಗಳಿಗೂ ಇವತ್ತೇ ಸುದ್ದಿ ಕಳಿಸುತ್ತೇನೆ ಎಂದಳು. ಆ ಕಡೆಯಿಂದ ಬಂದ ಮಾತನ್ನು ಪೂರ್ತಿ ಕೇಳದೆ ಇಟ್ಟುಬಿಟ್ಟಳು. ಮಷಿನ್ ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ಅವಳಿಗಿರಲಿಲ್ಲ.

ದುರಗಪ್ಪ ಚೀಲದಿಂದ ಸೀರೆ ತೆಗೆದ. ಕೆಂಪು ಸೆರಗು, ಕಪ್ಪು ಒಡಲು. “ಗಂಡಸು ಉಡಸೂದಲ್ರಿ ಇದು. ಇಲ್ಲಿ ನಮ್ಮ ಹೆಣಮಕ್ಕಳು ಯಾರೂ ಇಲ್ಲ. ನೀವ ಉಡಸ್ರಿ, ಬಾಯಾರ. ಬನ್ನಿಕಟ್ಟಿಗೆ ಒಯ್ತೀನಿ. ತವರಿಗೆ ಹೊಕ್ಕೀನಂತ ಮನಿ ಬಿಟ್ಟಾಕಿ.”

ಮಧ್ಯಾಹ್ನದ ಹೊತ್ತಿಗೆ ಎರಡೂ ಕೈಯಲ್ಲಿ ಸೀರೆ ಹಿಡಿದು ಅವಳು ಒಳಗೆ ಹೋದಳು. ಅವತ್ತು ಪಾಠ ಇಲ್ಲವೆಂದು ಹುಡುಗರನ್ನು ಕಳಿಸಿದ್ದಳು, ಕಿಟಕಿ ಪಕ್ಕದ ಮೇಜಿನಲ್ಲಿ ಕಲಿತ ಇಬ್ಬರು ಹುಡುಗಿಯರು ಮಾತ್ರ ಬಿಳಿ ಕೋಟು ಕಳಚಿಟ್ಟು ಕಾಯುತ್ತಿದ್ದರು. ಅವರೇ ಇಡೀ ಬೆಳಿಗ್ಗೆ ಕೂತು, ಬಿಡಿಸಿದ್ದನ್ನೆಲ್ಲ ಆದಷ್ಟು ಕೂಡಿಸಿ ಹೊಲಿದು, ಮೇಲೆ ಬಿಳಿ ಬಟ್ಟೆ ಸುತ್ತಿದ್ದರು. ಒಬ್ಬಳು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

ಇಂದುಮತಿ ಮಡಿಕೆ ಬಿಚ್ಚಿದಳು. ಹೊಸ ಸೀರೆಯ ಗಂಜಿ ವಾಸನೆ. ಈ ದೇಹದ ಪ್ರತಿಯೊಂದು ನರ, ಸ್ನಾಯು, ಎಲುಬಿನ ಹೆಸರು ಅವಳಿಗೆ ಬಾಯಿಪಾಠ. ಹುಲಿಗೆವ್ವ ಎಂಬ ಹೆಸರು ಗೊತ್ತಾಗಿದ್ದು ನಿನ್ನೆ. ಹುಡುಗಿಯರು ಎತ್ತಿ ಹಿಡಿಯಲು ಕೈ ಚಾಚಿದರು. ಅವಳು ತಡೆದಳು. ಬಗ್ಗಿ, ಕಿವಿ ಇದ್ದ ಕಡೆ ಬಾಯಿ ತಂದು, “ಹುಲಿಗೆವ್ವಾ, ನಿಮ್ಮಣ್ಣ ಸೀರಿ ತಂದಾನವಾ. ಉಡಸ್ಲಾ?” ಎಂದಳು.

ಕೇಳಿ, ಉತ್ತರಕ್ಕೆಂಬಂತೆ ಹಾಗೇ ಕಾದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿಯಾಚೆ ದೇಹ ಒಯ್ಯುವ ವ್ಯಾನು ಬಂದು ನಿಂತ ಸದ್ದಾಯಿತು, ಯಾರೋ ಅದರ ಬಾಗಿಲು ತೆಗೆದು ಮುಚ್ಚಿದರು. ಇಂದುಮತಿ ಬಗ್ಗಿದವಳು ಏಳಲಿಲ್ಲ.

ಬಾಗಿಲ ಆಚೆಯಿಂದ ದುರಗಪ್ಪ, “ಉಡಿಸಿದ್ರೇನ್ರಿ ಬಾಯಾರ?” ಎಂದು ಕೂಗಿದ.

“ಇನ್ನೂ ಇಲ್ರಿ” ಎಂದಳು ಇಂದುಮತಿ. “ಕೇಳಾಕತ್ತೀನಿ.”